ಒಂದಾದರೂ ತಕರಾರು

ಓದು ಮುಗಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸವೆಂದರೆ ಊರೂರು ತಿರುಗಿ, "ನಿಮಗೆ ಕೊಟ್ಟ ಸಲಹೆ ಹೆಂಗಿತ್ರಿ?" ಎಂದು ಕೇಳುವುದು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹಣದ ಅಡಚಣೆಯಲ್ಲಿದ್ದ ಮನೆಗಳಿಗೆ ದಾರಿ ತೋರಿಸಲೆಂದು ಒಂದು ಸಂಸ್ಥೆ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಒಂದೊಂದು ಕೋಣೆ ಹಿಡಿದು ಸಲಹಾ ಕೇಂದ್ರ ತೆರೆದಿತ್ತು. ಪಿಂಚಣಿಗೆ ಎಲ್ಲಿ ಹೋಗಬೇಕು, ಯಾವ ಖರ್ಚನ್ನು ಮುಂದೆ ತಳ್ಳಬಹುದು, ಉದ್ರಿ ಕೊಟ್ಟ ಅಂಗಡಿಯವನ ಜೊತೆ ಹೇಗೆ ಮಾತಾಡಬೇಕು, ಇಂಥದ್ದನ್ನೆಲ್ಲ ಆಯಾ ಊರಿನವರೇ ಅಲ್ಲಿ ಕೂತು ಹೇಳುತ್ತಿದ್ದರು. ಅದರಿಂದ ಜನಕ್ಕೆ ಉಪಯೋಗವಾಯಿತೋ ಇಲ್ಲವೋ ನೋಡಿ ವರದಿ ಬರೆಯುವುದು ನನ್ನ ಪಾಲಿಗೆ ಬಂತು.

ಹುಕ್ಕೇರಿಯಿಂದ ಶುರು ಮಾಡಿದೆ. ಯಾರ ಮನೆಗೆ ಹೋದರೂ ಮೊದಲು ಚಹಾ, ಅದರ ಹಿಂದೆಯೇ "ಛಲೋ ಐತ್ರಿ." ಏನು ಛಲೋ ಎಂದರೆ, "ಎಲ್ಲಾ ಛಲೋ ಐತ್ರಿ." ಒಬ್ಬರಂತೂ ಕೇಂದ್ರಕ್ಕೆ ಕಾಲೇ ಇಟ್ಟಿರಲಿಲ್ಲ. ಆದರೂ ತಾವು ಹೊಗಳಿದ್ದು ಸಾಲದೆಂದು ಬಾಜೂ ಮನೆಯವರನ್ನೂ ಕರೆದು ಹೊಗಳಿಸಿದರು. ನಾನು ಬರೆದುಕೊಂಡು ಬಂದದ್ದನ್ನು ಓದಿ ನಮ್ಮ ಸಾಹೇಬರು ಕನ್ನಡಕ ತೆಗೆದಿಟ್ಟರು.

"ಏನವಾ ಇದು, ಕನ್ಯಾ ತೋರಿಸೋ ಮುಂದ ಹುಡುಗಿ ಕಡೆಯವರು ಹೇಳಿದಂಗ ಐತಲ್ಲ? ಬರೇ ಹೊಗಳಿದ್ರ ಯಾರು ನಂಬ್ತಾರ? ಹೋಗು, ಒಂದರೆ ತಕರಾರು ಹುಡುಕ್ಕೊಂಡು ಬಾ."

ಹೀಗೆ ನಾನು ತಕರಾರು ಹುಡುಕಿಕೊಂಡು ಮೂಡಲಗಿಗೆ ಬಂದೆ. ಅಲ್ಲಿಯ ಕೇಂದ್ರದಲ್ಲಿ ಕೂರುತ್ತಿದ್ದವರು ನಿವೃತ್ತ ಶಾಲಾ ಶಿಕ್ಷಕಿ. ಊರಿಗೆಲ್ಲ ಅವರು ಅಕ್ಕೋರು. ಬಂದ ಕಾರಣ ಹೇಳಿದರೆ ಅವರಿಗೆ ಬೇಜಾರಾಗಲಿಲ್ಲ, ಹುರುಪೇ ಬಂತು.

"ತಕರಾರು ಬೇಕೇನ? ಅರಭಾವಿ ಬಾಜೂ ಒಂದು ಮನಿ ಐತಿ. ಸೊಸಿ ನನ್ನ ಕಡೆ ಬರ್ತಾಳ. ನೀ ಅತ್ತಿನ್ನ ಕೇಳು. ಛತ್ರಿ ತೊಗೊಂಡ ಹೋಗು."

"ಮಳಿ ಇಲ್ಲಲ್ರಿ, ಅಕ್ಕೋರ?"

"ಬೈಗಳ ಮಳಿ ಬರತೈತವಾ."

ಆ ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬರು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು. ಅಕ್ಕೋರ ಕಡೆಯಿಂದ ಬಂದೆ ಎಂದದ್ದೇ ತಡ, ಎಲೆ ಅಲ್ಲೇ ಉಳಿಯಿತು.

"ಬಾ ತಂಗಿ, ಕುಂದರು. ಆ ನಿಮ್ಮ ಅಕ್ಕೋರು ನಮ್ಮ ಮನಿ ಕೆಡಿಸ್ಯಾಳ."

ಇಷ್ಟು ದಿನದ ಛಲೋಗಳ ನಡುವೆ ಆ ಮಾತು ನನ್ನ ಕಿವಿಗೆ ಸಕ್ಕರೆಯಂತೆ ಬಿತ್ತು. ಪೆನ್ನು ತೆಗೆದೆ.

ಮಗ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಆ ನಾಲ್ಕಾರು ತಿಂಗಳು ಕೈತುಂಬ ಪಗಾರ, ಆಮೇಲೆ ಸಿಕ್ಕಿದ ಕೂಲಿ. ಪಗಾರವೆಲ್ಲ ತಾಯಿಯ ಕೈಗೆ ಬರುತ್ತಿತ್ತು. ಹಂಗಾಮಿನಲ್ಲಿ ಹಬ್ಬದೂಟ, ಮಳೆಗಾಲದಲ್ಲಿ ಅಂಗಡಿಯ ಉದ್ರಿ. ಅಕ್ಕೋರು ಸೊಸೆಗೆ ಪೋಸ್ಟಿನಲ್ಲಿ ಖಾತೆ ತೆಗೆಸಿ, ಹಂಗಾಮಿನ ಹಣವನ್ನು ವರ್ಷವಿಡೀ ಹಂಚಿಕೊಳ್ಳುವುದನ್ನು ಕಲಿಸಿದ್ದರು. ಆ ವರ್ಷ ಮಳೆಗಾಲದಲ್ಲೂ ಅಂಗಡಿಯವನು ಇವರ ಮನೆ ಕಡೆ ತಲೆ ಹಾಕಿರಲಿಲ್ಲ.

"ಅಂದ್ರ ಛಲೋನ ಆತಲ್ರಿ, ಆಯಿ?" ಎಂದೆ, ಕೈಗೆ ಬಂದ ತಕರಾರು ಜಾರುತ್ತಿದೆಯೆಂಬ ಅಂಜಿಕೆಯಿಂದ.

"ಮನಿಗೆ ಛಲೋ ಆತು. ನನಗ? ಎಲಿ-ತಂಬಾಕಕ್ಕ ಸೊಸಿ ಮುಂದ ಕೈ ಚಾಚಬೇಕು. ಮಮ್ಮಗ ಚುರಮುರಿ ಅಂತ ಬಂದ್ರ, ನಿಮ್ಮವ್ವನ್ನ ಕೇಳೋ ಅನ್ನಬೇಕು. ಪಂಚಮಿಗೆ ಮಗಳು ಬಂದ್ಲು. ಹೊಳ್ಳಿ ಹೋಗೋ ಮುಂದ ಆಕಿ ಕೈಯಾಗ ಏನೂ ಇಡಲಿಲ್ಲ ನಾನು. ತಲಿ ನೇವರಿಸಿ ಕಳಿಸಿದೆ." ಅರ್ಧಕ್ಕೆ ಬಿಟ್ಟ ಎಲೆಯನ್ನು ಮಡಚುತ್ತ, "ತೊಗೊಳ್ಳೋದು ಬಿಡು, ಕೊಡೋದ ತಪ್ಪಿ ಹೋತು," ಎಂದರು.

ನಗುತ್ತ ಬರೆಯುತ್ತಿದ್ದವಳ ಪೆನ್ನು ನಿಂತಿತು. ಅವರ ಬಾಯಿ ನಿಲ್ಲಲಿಲ್ಲ. ಬರೆದದ್ದನ್ನು ಓದಿಸಿಕೊಂಡು ಕೇಳಿ, ಖಾರ ಸಾಲದು ಎಂದರು.

"ಕಾಗದದಾಗ ಖಾರ ಹತ್ತೂದಿಲ್ಲ. ನಾಳೆ ನಾನ ಅಕ್ಕೋರ ಕಡೆ ಬರ್ತೀನಿ."

ಮರುದಿನ ಕರೆಯಲು ಹೋದರೆ ಹೊರಟೇ ನಿಂತಿದ್ದರು, ಹಿಂದೆ ಸೊಸೆಯೂ. ಬಸ್ಸಿನಲ್ಲಿ ಇಬ್ಬರ ನಡುವೆ ನನ್ನನ್ನು ಕೂರಿಸಿಕೊಂಡರು. ಸೊಸೆ ಎಲ್ಲರದೂ ಟಿಕೆಟ್ ತೆಗೆಸಿದಳು. ಅದನ್ನು ನೋಡಿದ ಅತ್ತೆ ಮೂಡಲಗಿ ಬರುವವರೆಗೆ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

ಅಕ್ಕೋರು ಎಲ್ಲವನ್ನೂ ಕೇಳಿದರು. ಬೈಗಳು ತೀರಿದ ಮೇಲೆ ಸಾವಕಾಶ ಹೇಳಿದರು: "ಖರೆ ಐತಿ. ಮನಿ ಖರ್ಚೆಲ್ಲಾ ಹಾಕಿದ್ವಿ, ಹಿರೇರ ಕೈಖರ್ಚು ಮರತ ಬಿಟ್ಟೆ. ತಿಂಗಳಾ ಇವರ ಕೈಯಾಗ ಇಷ್ಟು ಅಂತ ಇಡು. ಏನ ಮಾಡಿದ್ರಿ ಅಂತ ಕೇಳಬ್ಯಾಡ."

ಸೊಸೆ ಸುಮ್ಮನಿರಲಿಲ್ಲ. "ಎಲ್ಲಾ ತಮ್ಮ ಮಗಳಿಗೇ ಕೊಡ್ತಾರ್ರಿ, ಅಕ್ಕೋರ."

"ನನ್ನ ಮಗಳಿಗೆ ಕೊಡದ ನಿನ್ನ ಮಗಳಿಗೆ ಕೊಡ್ಲೇನು?" ಅತ್ತೆ ಹರಿಹಾಯ್ದರು.

"ಕೊಡ್ರಲ್ಲ, ಆಕೀನೂ ನಿಮ್ಮ ಮಮ್ಮಗಳ ಅದಾಳ!"

ಬಾಗಿಲ ಹತ್ತಿರ ತಮ್ಮ ಪಾಳಿಗೆ ಕಾದಿದ್ದ ಹೆಂಗಸೊಬ್ಬರು ಮೊದಲು ನಕ್ಕರು, ಆಮೇಲೆ ಸೊಸೆ. ಕೊನೆಗೆ ಅತ್ತೆಯೂ ಸೆರಗು ಬಾಯಿಗೆ ಒತ್ತಿಕೊಂಡರು. ಕೈಖರ್ಚು ಎಷ್ಟೆಂದು ತೀರ್ಮಾನವಾಗಲು ಮಧ್ಯಾಹ್ನವಾಯಿತು.

ಸಾಹೇಬರು ತಕರಾರನ್ನು ಎರಡೆರಡು ಸಲ ಓದಿ ಖುಷಿಪಟ್ಟರು. ಸೊಸೆಯರನ್ನಷ್ಟೇ ಕರೆದು ಸಲಹೆ ಕೊಟ್ಟರೆ ಸಾಲದು, ಅತ್ತೆಯರನ್ನೂ ಕೇಳಬೇಕು ಎಂಬುದು ವರದಿಯಲ್ಲಿ ಸೇರಿತು. ಮೂಡಲಗಿಯಲ್ಲಿ ಸಂತೆಯ ದಿನ ಹಿರಿಯರಿಗೆಂದೇ ಮೀಸಲಾಯಿತು.

ಮೊದಲ ಸಂತೆಯ ದಿನ ನಾನೂ ಹೋಗಿದ್ದೆ. ಕೋಣೆ ತುಂಬಿ ಕಟ್ಟೆಯೂ ತುಂಬಿತ್ತು. ಪಿಂಚಣಿಯ ಮಾತು ಬೇಗ ಮುಗಿಯಿತು. ಸೊಸೆಯರ ಮಾತು ಮುಗಿಯಲೇ ಇಲ್ಲ. ಅರಭಾವಿಯ ಆಯಿ ಮುಂದೆ ಕೂತು, ಕೈಖರ್ಚು ಕೇಳುವುದು ಹೇಗೆಂದು ಉಳಿದವರಿಗೆ ತಿಳಿಸಿಕೊಡುತ್ತಿದ್ದರು. ಅಕ್ಕೋರು ನಡುವೆ ಬಾಯಿ ಹಾಕಿದರೆ, "ನೀವು ಸುಮ್ನಿರ್ರಿ ಅಕ್ಕೋರ, ನಿಮಗ ತಿಳಿಯಂಗಿಲ್ಲ" ಎನ್ನುತ್ತಿದ್ದರು.

ಸಂಜೆ ಎಲ್ಲರೂ ಹೋದ ಮೇಲೆ ಅಕ್ಕೋರು ಹಣೆಗೆ ಬಾಮು ತಿಕ್ಕಿಕೊಂಡು ಗೋಡೆಗೆ ಒರಗಿದರು. "ಹೆಂಗಾತ್ರಿ?" ಎಂದು ಕೇಳಿದೆ.

"ಮೂವತ್ತು ವರ್ಷ ಸಾಲಿ ಹುಡುಗರನ್ನ ಸಂಭಾಳಿಸೀನಿ," ಎಂದರು ಕಣ್ಣು ಮುಚ್ಚಿಕೊಂಡೇ. "ಅವು ಗಂಟಿ ಹೊಡದ್ರ ಮನಿಗೆ ಹೋಗ್ತಿದ್ವು."