ಶಾರದಮ್ಮನವರ ಸಡಿಲ ಸ್ಟೇರಿಂಗ್

ಕಳೆದ ವರ್ಷದ ಬೇಸಿಗೆಯ ಮಾತು. ಹಾಸನದಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿ ನನಗೆ ಸಾಕಾಗಿ ಹೋಗಿತ್ತು. ಆಗ ಹಳ್ಳಿಮೈಸೂರಿನ ನಿವೃತ್ತ ಶಿಕ್ಷಕಿ ಶಾರದಮ್ಮನವರ ಹಳೇ ಅಂಬಾಸಿಡರ್ ಬಂತು. ಓಡಿಸಿಕೊಂಡು ಬಂದವರು ಅವರ ತಮ್ಮ ಶಿವಣ್ಣ. ಪಕ್ಕದ ಸೀಟಿನಲ್ಲಿ ಅಕ್ಕ ಮುಖ ಊದಿಸಿಕೊಂಡು ಕೂತಿದ್ದರು.

ಹಿಂದಿನ ವಾರ ಮೊಸಳೆ ಎಂಬ ಊರಿನ ತಿರುವಿನಲ್ಲಿ ಶಾರದಮ್ಮ ಓಡಿಸುತ್ತಿದ್ದಾಗ ಕಾರು ರಸ್ತೆ ಬಿಟ್ಟು ಬೇಲಿಗೆ ನುಗ್ಗಿತ್ತು. ಒಳಗೆ ಮನೆಮಂದಿಯೆಲ್ಲ ಇದ್ದರು. ಸ್ಟೇರಿಂಗ್ ಸಡಿಲ ಎಂದು ಶಾರದಮ್ಮ ಹೇಳುತ್ತಲೇ ಇದ್ದರು. ಹೊಳೆನರಸೀಪುರದಲ್ಲೂ ಚನ್ನರಾಯಪಟ್ಟಣದಲ್ಲೂ ಮೆಕ್ಯಾನಿಕ್‌ಗಳು ನೋಡಿ ಏನೂ ಇಲ್ಲ ಎಂದಿದ್ದರು.

“ನೀವೂ ನೋಡ್ಬುಡಿ ಮಂಜಣ್ಣ,” ಎಂದರು ಶಿವಣ್ಣ. “ಏನೂ ಇಲ್ಲ ಅಂದ್ರೆ ಅಕ್ಕ ಇನ್ಮೇಲೆ ಕಾರು ಮುಟ್ಟಂಗಿಲ್ಲ. ಸಡಿಲ ಆಗಿರೋದು ಸ್ಟೇರಿಂಗಲ್ಲ, ಅಕ್ಕನ ಕೈ.”

ಜಾಕ್ ಹಾಕಿ ಮುಂದಿನ ಚಕ್ರಗಳನ್ನು ಎತ್ತಿದೆ. ಟೈರ್ ಹಿಡಿದು ಅಲುಗಾಡಿಸಿದೆ. ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಕೀಲು, ಗಟ್ಟಿಯಾಗಿತ್ತು. ಬೇರಿಂಗ್ ಕೂಡ ಸರಿಯಿತ್ತು. ಸುಡುಬಿಸಿಲು ಬೇರೆ. ನಾನೂ ಅದೇ ಮಾತು ಹೇಳಿ ಕಳಿಸುವವನಿದ್ದೆ.

“ಖಾಲಿ ಇದ್ದಾಗ ಅಷ್ಟಿಲ್ಲ ಮಂಜಣ್ಣ,” ಎಂದರು ಶಾರದಮ್ಮ. “ಜನ ಕೂತ್ರೆ, ನಾನು ತಿರುಗ್ಸಿದ್ಮೇಲೆ ಚಕ್ರ ನಿಧಾನಕ್ಕೆ ತಿರುಗ್ತದೆ. ಇದ್ನ ಯಾರೂ ಕೇಳ್ಲೇ ಇಲ್ಲ.”

ಜಾಕ್ ಇಳಿಸಿದೆ. ಶಿವಣ್ಣನವರನ್ನೂ ಪಕ್ಕದ ಟೀ ಅಂಗಡಿಯ ಇಬ್ಬರನ್ನೂ ಒಳಗೆ ಕೂರಿಸಿದೆ. ಶಾರದಮ್ಮ ಸ್ಟೇರಿಂಗನ್ನು ಅತ್ತಿತ್ತ ತಿರುಗಿಸಿದರು, ನಾನು ಕೆಳಗೆ ತೂರಿ ನೋಡಿದೆ. ಚಕ್ರಗಳನ್ನು ಹೊರಳಿಸುವ ಹಲ್ಲಿನ ಸರಳಿಗೆ ರ‍್ಯಾಕ್ ಎನ್ನುತ್ತೇವೆ. ಅದನ್ನು ಬಿಗಿಹಿಡಿಯುವ ಕ್ಲ್ಯಾಂಪ್ ಸವೆದು, ಚಕ್ರ ತಿರುಗುವ ಮೊದಲು ಇಡೀ ರ‍್ಯಾಕೇ ಜಾಗ ಬಿಟ್ಟು ಸರಿಯುತ್ತಿತ್ತು. ಚಕ್ರ ಎತ್ತಿದಾಗ ಭಾರವಿಲ್ಲ, ಹಾಗಾಗಿ ಅದು ಕದಲುವುದಿಲ್ಲ. ನಾವು ಮೂವರೂ ಮೆಕ್ಯಾನಿಕ್‌ಗಳು ಎತ್ತಿಯೇ ನೋಡಿದ್ದೆವು.

ಶಿವಣ್ಣನವರನ್ನು ಬಗ್ಗಿಸಿ ತೋರಿಸಿದೆ. “ಅಮ್ಮನ ಕೈಯಲ್ಲ ಸಾ, ಇಲ್ನೋಡಿ.”

ಕ್ಲ್ಯಾಂಪ್ ಬದಲಿಸಿದ ಮೇಲೆ ಅಷ್ಟೂ ಜನರನ್ನು ಕೂರಿಸಿಕೊಂಡು ಶಾರದಮ್ಮನೇ ಅರಕಲಗೂಡು ರಸ್ತೆಯಲ್ಲಿ ಓಡಿಸಿದರು. ಕಾರು ಹೇಳಿದಂತೆ ಕೇಳಿತು. ವಾಪಸು ಬಂದು ಇಳಿದವರೇ ಕೀಯನ್ನು ತಮ್ಮನ ಕೈಗೆ ಹಾಕಿದರು.

“ತಕ್ಕೊ, ಇನ್ಮೇಲೆ ನೀನೇ ಓಡ್ಸು. ನಂಗೂ ಸಾಕಾಗೈತೆ. ಆದ್ರೆ ಬುಡೋಳು ನಾನು ಕಣ್ಲಾ, ನೀನು ಬುಡ್ಸೋದಲ್ಲ.”

ಈ ಕಸುಬು ನನಗೆ ಕಲಿಸಿದ್ದು ಇಷ್ಟೇ: ಗಾಡಿಯಡಿ ತೂರುವ ಮುಂಚೆ ಓಡಿಸುವವರನ್ನು ಕೇಳಬೇಕು. ಅವತ್ತು ಅವರೇ ಬಾಯಿಬಿಟ್ಟು ಹೇಳದಿದ್ದರೆ ನಾನೂ ಏನೂ ಇಲ್ಲ ಎಂದುಬಿಡುತ್ತಿದ್ದೆ. ಆ ಹೆಂಗಸು ತಮ್ಮದೇ ಕೈಯನ್ನು ನಂಬಲಾಗದೆ ಉಳಿದ ಕಾಲ ಕಳೆಯುತ್ತಿದ್ದರು. ನೆನೆದರೆ ಈಗಲೂ ಸಂಕಟವಾಗುತ್ತದೆ.