ನಾಲ್ಕು ಟ್ಯೂಬಿನ ಲೆಕ್ಕ

ಮೊನ್ನೆ ಚಳ್ಳಕೆರೆಯ ಬಸ್ ಸ್ಟ್ಯಾಂಡ್ ಹತ್ತಿರ ಬೈಕಿನ ಹಿಂದಿನ ಚಕ್ರಕ್ಕೆ ಪ್ಯಾಚ್ ಹಾಕಿಸುತ್ತ ನಿಂತಿದ್ದೆ. ಅಂಗಡಿಯವನು ಟ್ಯೂಬನ್ನು ಉಜ್ಜಿ, ಬೆರಳ ತುದಿಯಿಂದ ಸಲ್ಯೂಷನ್ ಸವರಿ, ಬಾಯಿಂದ ಊದಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ರಾಂಪುರದಲ್ಲಿದ್ದೆ… ಬಳ್ಳಾರಿ ರಸ್ತೆಯ ಪಕ್ಕ, ತಗಡಿನ ಚಪ್ಪರದ ಕೆಳಗೆ, ಹದಿನೆಂಟರ ವಯಸ್ಸಿನಲ್ಲಿ, ಬಾಯಿಗೆ ಬ್ರೇಕಿಲ್ಲದೆ.

ಆ ಚಪ್ಪರದ ಯಜಮಾನರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಲಾರಿ, ಟ್ರ್ಯಾಕ್ಟರುಗಳ ಪಂಕ್ಚರ್ ಹಾಕುವುದು ಅವರ ಕೆಲಸ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ಬೈಯುವಾಗ ಎರಡೂ. ಅರ್ಧಕ್ಕೆ ಸೀಳಿದ ಡ್ರಮ್ಮಿನಲ್ಲಿ ಸದಾ ನೀರು ತುಂಬಿಟ್ಟಿರುತ್ತಿದ್ದರು. ಪ್ಯಾಚ್ ಹಾಕಿದ ಟ್ಯೂಬನ್ನು ಅದರಲ್ಲಿ ಮುಳುಗಿಸಿ, ಸುತ್ತು ಪೂರ್ತಿ ತಿರುಗಿಸಿ, ಎಲ್ಲೂ ಗುಳ್ಳೆ ಏಳುವುದಿಲ್ಲ ಎಂದು ಕಣ್ಣಾರೆ ಕಂಡ ಮೇಲೆಯೇ ಕೈಗೆ ಕೊಡುವುದು. ಡ್ರೈವರುಗಳು ಎಷ್ಟೇ ಹಾರ್ನ್ ಹೊಡೆದರೂ ಆ ಒಂದು ಸುತ್ತು ಅರ್ಧಕ್ಕೆ ನಿಂತದ್ದನ್ನು ನಾನು ನೋಡಿಲ್ಲ.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆಲ್ಲುತ್ತಿದ್ದವನು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಯಾರು ಏನೇ ಹೇಳಲಿ, ಪುರಾವೆ ಏನು ಎಂದು ಕೇಳುವುದು ನನ್ನ ಚಟ. ಮನೆಯವರಿಗೆ ಇದು ತಲೆನೋವು. ಮೆಚ್ಚಿದವನು ಒಬ್ಬನೇ, ಅವ್ವನ ತಮ್ಮ, ನನ್ನ ಮಾವ. ದೇವಸಮುದ್ರದ ಕಡೆಯ ಹಳ್ಳಿಯಲ್ಲಿದ್ದ. ಆ ವರ್ಷ ಅವನೂರ ಕೆರೆ, ಎಷ್ಟೋ ವರ್ಷಗಳಿಂದ ಕುರಿ ಮೇಯುತ್ತಿದ್ದ ಆ ಬಯಲು, ಕೋಡಿಯವರೆಗೆ ತುಂಬಿತ್ತು. ಅದಕ್ಕೆ ಬಿಟ್ಟ ಮೀನಿನ ಮರಿಗಳು ಬೆಳೆದಿದ್ದವು. ಮೀನು ಹಿಡಿಯುವ ಹಕ್ಕು ಊರವರು ಮಾವನಿಗೆ ಕೊಟ್ಟರು. ಬಲೆ ಬಂತು. ನೀರಿನ ಮೇಲೆ ಹೋಗುವುದು ಯಾವುದರಲ್ಲಿ? ಮಾವ ಹುಟ್ಟಿದಾಗಿನಿಂದ ದೋಣಿ ಹತ್ತಿದವನಲ್ಲ. ಈಜು ಮೊದಲೇ ಬಾರದು.

ಹೊಸಪೇಟೆ ಕಡೆಯಿಂದ ಹರಿಗೋಲು ತರಿಸೋಣವೆಂದರೆ ಕೈಯಲ್ಲಿದ್ದ ದುಡ್ಡು ಸಾಲದು. ಉಳಿದದ್ದು ಬಡವರ ದೋಣಿ, ಗಾಳಿ ತುಂಬಿದ ಟ್ಯೂಬು. “ನೀನು ಓದಿದೋನು, ಯಾವ್ದು ತಗಳ್ಳಿ ಹೇಳಲೇ” ಎಂದ ಮಾವ. ಅವನ ಜೀವ ಯಾವುದರ ಮೇಲೆ ತೇಲಬೇಕೆಂದು ತೀರ್ಮಾನಿಸುವ ಕೆಲಸ ನನಗೆ ಬಂತು. ಹೆದರಿಕೆ ಆಯಿತೇ? ಇಲ್ಲ. ಖುಷಿಯಾಯಿತು.

ನಾನು ಆರಿಸಿದ್ದು ಲಾರಿಯ ಒಂದು ಹೊಸ ಟ್ಯೂಬು. ದಪ್ಪ ರಬ್ಬರು, ನಡುವೆ ಹಲಗೆ ಕಟ್ಟಿ ಕೂತರೆ ಸಾಕು. ಮೇಸ್ತ್ರಿ ಒಪ್ಪಲಿಲ್ಲ. ಮೂಲೆಯಲ್ಲಿದ್ದ ಜೀಪಿನ ಹಳೆಯ ನಾಲ್ಕು ಟ್ಯೂಬುಗಳನ್ನು ತೋರಿಸಿ, ಇವನ್ನು ಬಿದಿರಿನ ಚೌಕಟ್ಟಿಗೆ ಕಟ್ಟಿ ಎಂದರು. ಬೆಲೆಯೂ ಹೆಚ್ಚುಕಡಿಮೆ ಅಷ್ಟೇ.

“ಅಲ್ರೀ ಮೇಸ್ತ್ರಿ, ಒಂದು ಟ್ಯೂಬಾದ್ರೆ ಒಂದು ಪಂಕ್ಚರ್ ಭಯ. ನಾಲ್ಕಾದ್ರೆ ನಾಲ್ಕು ಪಟ್ಟು ಭಯ. ಅದೂ ಹಳೇವು. ದುಡ್ಡು ಕೊಟ್ಟು ಭಯ ಕೊಂಡ್ಕೊಳ್ಳಾದಾ?”

ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರು ನಕ್ಕರು. ಮಾವನ ಎದೆ ಉಬ್ಬಿತು.

“ಏಮಪ್ಪಾ ಲಾಯರಪ್ಪ,” ಎಂದರು ಮೇಸ್ತ್ರಿ, “ಪಂಕ್ಚರ್ ನಾಲ್ಕು ಪಟ್ಟು, ಸರಿ. ಮುಳುಗೋದು ಎಷ್ಟು ಪಟ್ಟು, ಅದನ್ನೂ ಹೇಳು. ಕೆರೆ ಬತ್ತಿದ್ದಾಗ ಅಲ್ಲೆಲ್ಲ ಜಾಲಿ ಮುಳ್ಳು ಇತ್ತಲ್ಲ.”

“ನೀರಲ್ಲಿ ಇಷ್ಟು ದಿನ ಕೊಳೀದೆ ಇರುತ್ತಾ? ಪುರಾವೆ ಏನೈತೆ? ಆ ಹಳೇ ಟ್ಯೂಬು ಖಾಲಿ ಮಾಡ್ಕಳ್ಳಾಕೆ ಹೇಳ್ತಿದೀರಿ ಅಷ್ಟೇ.”

ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಎದುರಾಳಿಯ ಮಾತಿಗೆ ಉತ್ತರ ಹೊಳೆಯದಿದ್ದರೆ ಅವನ ಉದ್ದೇಶವನ್ನೇ ಹಿಡಿದು ಎಳೆ… ವೇದಿಕೆಯಲ್ಲಿ ಕಲಿತ ಪಾಠ ಅದು. ಟೀ ಕುಡಿಯುತ್ತಿದ್ದ ಒಬ್ಬ ಚಪ್ಪಾಳೆಯನ್ನೂ ತಟ್ಟಿದ. ಮೇಸ್ತ್ರಿ ಹೊಸ ಟ್ಯೂಬಿಗೆ ಗಾಳಿ ತುಂಬಿ, ಡ್ರಮ್ಮಿನ ನೀರಿನಲ್ಲಿ ಸುತ್ತು ಪೂರ್ತಿ ತಿರುಗಿಸಿ, ಗಾಳಿ ಬಿಟ್ಟು ಮಡಚಿ ಕೊಟ್ಟರು. “ಕೆರೆಗೆ ಇಳಿಸೋ ದಿನ ನಾನೂ ಬರ್ತೀನಿ” ಎಂದಷ್ಟೇ ಹೇಳಿದರು.

ಬಂದರು. ಭಾನುವಾರ ಬೆಳಿಗ್ಗೆ, ಅಂಗಡಿ ಮುಚ್ಚಿ, ಮೊದಲ ಬಸ್ಸಿಗೆ. ಕೈಯಲ್ಲಿ ಗಾಳಿ ಪಂಪು, ಇಕ್ಕಳ; ಹೆಗಲ ಮೇಲೆ ಲಾರಿಯ ಲೋಡು ಕಟ್ಟುವ ಉದ್ದನೆಯ ಹಗ್ಗ. ನನ್ನ ಆಯ್ಕೆಯಾದ್ದರಿಂದ ಮೊದಲು ನಾನೇ ಹೋಗುತ್ತೇನೆಂದು ಜಂಬದಿಂದ ಹೇಳಿದೆ. ಬಾವಿಯಲ್ಲಿ ನಾಲ್ಕು ಕೈ ಬಡಿದು ದಡ ಮುಟ್ಟುವಷ್ಟು ಈಜು ನನಗೆ ಗೊತ್ತಿತ್ತು. ಮೇಸ್ತ್ರಿ ಹಗ್ಗದ ತುದಿಯನ್ನು ನನ್ನ ಸೊಂಟಕ್ಕೆ ಸುತ್ತತೊಡಗಿದರು. ನಾನೇನು ಎಮ್ಮೆಯೇ ಎಂದು ಕೊಸರಾಡಿದೆ. ಊರಿನ ಹತ್ತಾರು ಜನ ಏರಿಯ ಮೇಲೆ ನಿಂತು ನೋಡುತ್ತಿದ್ದರು.

“ವಾದ ನೀನು ಗೆದ್ದೆ,” ಎಂದರು ಮೇಸ್ತ್ರಿ, ಗಂಟು ಬಿಗಿಯುತ್ತ. “ಹಗ್ಗ ನಾನು ಕಟ್ತೀನಿ. ಅದ್ರಲ್ಲಿ ವಾದ ಇಲ್ಲ.”

ಕೈಯಿಂದ ನೀರು ತಳ್ಳುತ್ತ ಹೋದೆ. ಟ್ಯೂಬು ಸೊಗಸಾಗಿ ತೇಲಿತು. ದಡದಲ್ಲಿ ಸೀಟಿ ಹೊಡೆದರು. ನಡುನೀರಿಗೆ ಹೋಗಿ ಕೈ ಎತ್ತಿ ತೋರಿಸಿದೆ… ಅಷ್ಟರಲ್ಲಿ ಕೆಳಗಿನಿಂದ ಏನೋ ತಿವಿದಂತಾಯಿತು. ಬುಸ್ಸೆಂದು ಗುಳ್ಳೆ ಎದ್ದವು. ಆ ಬಯಲಿನ ಜಾಲಿಯನ್ನು ಬೇಸಿಗೆ ಬೇಸಿಗೆಗೆ ಸೌದೆಗೆಂದು ಕಡಿದವರು ಇದೇ ಊರವರು, ಮಾವನೂ ಸೇರಿ. ಓರೆಯಾಗಿ ಮಚ್ಚು ಬೀಸಿ ಬಿಟ್ಟ ಮೋಟುಗಳೂ, ಆಮೇಲೆ ಚಿಗುರಿದ ಮುಳ್ಳುಕೊಂಬೆಗಳೂ ನೀರಿನ ಕೆಳಗೆ ನಿಂತೇ ಇದ್ದವು. ನೀರು ಮೇಲೆ ಬಂದದ್ದೇ ಎಲ್ಲರಿಗೂ ಅದು ಬರೀ ಕೆರೆಯಾಗಿ ಕಂಡಿತ್ತು, ಮೇಸ್ತ್ರಿ ಒಬ್ಬರನ್ನು ಬಿಟ್ಟು.

ಟ್ಯೂಬು ಮೆತ್ತಗಾಗಿ, ಹಲಗೆ ಮಗುಚಿ, ನಾನು ಒಳಗೆ ಹೋದೆ. ಕಾಲು ಕೊಂಬೆಗೆ ಸಿಕ್ಕಿತು. ಕಲಿತ ಈಜು ನೆನಪಿಗೆ ಬರಲಿಲ್ಲ. ನೆನಪಿರುವುದು ಸೊಂಟದ ಆ ಗಂಟು ಮಾತ್ರ, ಅದು ಪಕ್ಕೆಗೆ ಕಚ್ಚಿ ಎಳೆದ ರೀತಿ. ದಡಕ್ಕೆ ಬಿದ್ದಾಗ ತೊಡೆಯೆಲ್ಲ ಗೀರು, ಬಾಯಿ ತುಂಬ ಕೆಸರು. ಮಾವ ನನ್ನ ಎರಡೂ ಕೆನ್ನೆ ಹಿಡಿದು ಅಳುತ್ತಿದ್ದ. ಹಗ್ಗವಿಲ್ಲದೆ, ಮರುದಿನ ಬೆಳಿಗ್ಗೆ, ಅವನೊಬ್ಬನೇ ಹೋಗಿದ್ದರೆ… ಈ ವಾಕ್ಯವನ್ನು ನಾನು ಇಂದಿಗೂ ಮುಗಿಸಿಲ್ಲ.

ಮೇಸ್ತ್ರಿ ಏನಾದರೂ ಅಂದಾರು ಎಂದು ಕಾದೆ. ಅಂದಿದ್ದರೆ ಉತ್ತರ ಕೊಡುತ್ತಿದ್ದೆ, ಅಷ್ಟು ಭಂಡ ನಾನು. ಅವರು ಟ್ಯೂಬನ್ನು ಎಳೆದುಕೊಂಡು ತೂತು ಹುಡುಕಿ, ಮುರಿದು ನಿಂತಿದ್ದ ಮುಳ್ಳನ್ನು ಇಕ್ಕಳದಿಂದ ಕಿತ್ತು, ನನ್ನ ಅಂಗೈಯಲ್ಲಿಟ್ಟರು. ಕೊಳೆತಿರಲಿಲ್ಲ. ಕೇಳಿದ್ದ ಪುರಾವೆ.

ಆ ವಾರವೇ ಹೊಸ ಟ್ಯೂಬನ್ನು ವಾಪಸ್ಸು ಪಡೆದು ಜೀಪಿನ ನಾಲ್ಕು ಕೊಟ್ಟರು. ನನ್ನ ಲೆಕ್ಕ ಸರಿಯಾಗಿಯೇ ಇತ್ತು, ಆ ತೆಪ್ಪಕ್ಕೆ ಪಂಕ್ಚರ್ ಆಗುತ್ತಲೇ ಇತ್ತು. ಒಂದು ಟ್ಯೂಬು ಸೊರಗಿದರೆ ಮಾವ ಉಳಿದ ಮೂರರ ಮೇಲೆ ವಾಲಿಕೊಂಡು, ಸಿಕ್ಕ ಮೀನಿನ ಜೊತೆ ದಡಕ್ಕೆ ಬರುತ್ತಿದ್ದ. ನೀರು ಇಳಿಯುವವರೆಗೂ ಮೀನು ಹಿಡಿದ. ಲೆಕ್ಕ ತಪ್ಪಿರಲಿಲ್ಲ ಎಂದು ಈಗಲೂ ಗಟ್ಟಿಯಾಗಿ ಹೇಳುತ್ತೇನೆ. ನಾನು ಲೆಕ್ಕ ಹಾಕಿದ ಪ್ರಶ್ನೆ ತಪ್ಪಾಗಿತ್ತು.

ಇಷ್ಟನ್ನು ಅವರ ಎದುರಿಗೆ ಹೇಳಬೇಕಿತ್ತು. ಬಸ್ಸಿನಲ್ಲಿ ರಾಂಪುರ ದಾಟುವಾಗಲೆಲ್ಲ ಕಿಟಕಿಯಿಂದ ಕೈ ಬೀಸುತ್ತಿದ್ದೆ. “ಲಾಯರಪ್ಪಾ!” ಎಂದು ಕೂಗುತ್ತಿದ್ದರು. ಇಳಿಯಲಿಲ್ಲ. ಸೋಲೊಪ್ಪಲು ಒಳ್ಳೆಯ ವಾಕ್ಯವೊಂದನ್ನು ಕಟ್ಟುತ್ತಿದ್ದೆ ಅಂತ ಕಾಣುತ್ತದೆ. ರಸ್ತೆ ಅಗಲವಾದಾಗ ಚಪ್ಪರ ಹೋಯಿತು, ಅವರು ರಾಯದುರ್ಗದ ಮಗಳ ಮನೆ ಸೇರಿದರು. ಅಲ್ಲೇ ತೀರಿಕೊಂಡರೆಂದು ಮಾವ ಹೇಳಿದಾಗ ಅದಾಗಲೇ ಹಳೆಯ ಸುದ್ದಿ. ನೀವು ಹೇಳಿದ್ದೇ ಸರಿ ಮೇಸ್ತ್ರಿ. ನೋಡಿ, ಎಷ್ಟು ಚಿಕ್ಕ ವಾಕ್ಯ…

ಚಳ್ಳಕೆರೆಯ ಅಂಗಡಿಯವನು ಪ್ಯಾಚ್ ಒತ್ತಿ, ಟ್ಯೂಬನ್ನು ಟೈರಿನೊಳಗೆ ತುರುಕಲು ಹೊರಟ.

“ನೀರಲ್ಲಿ ಹಾಕಿ ನೋಡಲ್ವಾ?”

“ಏನೂ ಬೇಕಾಗಿಲ್ಲ ಸಾರ್. ನನ್ ಕೈ ಕೆಲಸ, ಗ್ಯಾರಂಟಿ.”

ಅವನ ಗ್ಯಾರಂಟಿಯನ್ನು ಚಿಂದಿ ಮಾಡಲು ನನ್ನ ಹತ್ತಿರ ಮಾತು ಬೇಕಾದಷ್ಟಿತ್ತು. ಒಂದನ್ನೂ ಆಡಲಿಲ್ಲ. ಅಂಗಿಯ ತೋಳು ಮಡಚಿ, ಟ್ಯೂಬಿಗೆ ಗಾಳಿ ತುಂಬಿಸಿಕೊಂಡು, ಅವನ ಬಕೆಟ್ಟಿನ ಕೊಳೆನೀರಿಗೆ ನಾನೇ ಅದ್ದಿ ಸುತ್ತು ಪೂರ್ತಿ ತಿರುಗಿಸಿದೆ. ಗುಳ್ಳೆ ಬರಲಿಲ್ಲ. ಆದರೂ ಇನ್ನೊಂದು ಸುತ್ತು ತಿರುಗಿಸಿದೆ.