ಹಗೇವಿನಲ್ಲಿ ಆರಿದ ದೀಪ

"ಇಳೀಬ್ಯಾಡೋ ಹುಚ್ಚಾ!" ಎಂದು ಅಜ್ಜಿ ಹಿಂದಿನಿಂದ ನನ್ನ ಅಂಗಿ ಹಿಡಿದು ಎಳೆದಳು.

ಯಾಲಾಲ್ ಹತ್ತಿರ ಆ ಅಜ್ಜಿಯ ಹಳೇ ವಾಡೆ ಮನೆ ಕೆಡವಲು ಜೆಸಿಬಿ ತಂದಿದ್ದೆ. ಅಂಗಳದ ಬಂಡೆ ಎತ್ತಿದರೆ ಕೆಳಗೆ ಹಗೇವು ಇತ್ತು, ಹಿಂದಿನವರು ಜೋಳ ತುಂಬಿಡುತ್ತಿದ್ದ ಆಳವಾದ ಗುಂಡಿ. ಬಗ್ಗಿ ನೋಡುವಾಗ ಜೇಬಿನ ಮೊಬೈಲ್ ಒಳಗೆ ಬಿತ್ತು. ತರಲು ಕಾಲು ಇಳಿಬಿಟ್ಟಿದ್ದೆ.

"ಬಿಡ ಯವ್ವಾ, ಎರಡ ನಿಮಿಷದ ಕೆಲಸ," ಎಂದೆ.

ಆಕೆ ಬಕೆಟಿನಲ್ಲಿ ದೀಪ ಹಚ್ಚಿಟ್ಟು, ಹಗ್ಗ ಕಟ್ಟಿ ಒಳಗೆ ಇಳಿಸಿದಳು. ಅರ್ಧಕ್ಕೆ ಹೋಗುವಷ್ಟರಲ್ಲಿ ದೀಪ ಆರಿತು. ಒಳಗೆ ಉಸಿರಾಡುವ ಗಾಳಿಯೇ ಇರಲಿಲ್ಲ.

"ನಮ್ಮ ಯಜಮಾನ್ರು ಯಾವಾಗ್ಲೂ ಹಿಂಗ ದೀಪ ಇಳಿಸಿ ನೋಡೇ ಇಳೀತಿದ್ರು. ಅವತ್ತ ಬೀಗರು ಬಂದಿದ್ರು, ಮನ್ಯಾಗ ಹಿಟ್ಟ ಇರಲಿಲ್ಲ. ದೀಪ ಗೀಪ ಆಮ್ಯಾಲ, ಲಗೂನ ಜ್ವಾಳ ತಗೀರಿ ಅಂತ ನಾನೇ ಅಂದೆ. ಇಳದವ್ರು ಮ್ಯಾಲ ಬರಲಿಲ್ಲ, ತಮ್ಮಾ."

ಮೊಬೈಲ್ ಒಳಗೇ ಬಿಟ್ಟು, ಮಣ್ಣು ಸುರಿದು ಹಗೇವು ಮುಚ್ಚಿದೆ. ಮುಗಿಯುವ ತನಕ ಆಕೆ ಅಂಚಿನಲ್ಲೇ ನಿಂತಿದ್ದಳು. ನಿಮ್ಮ ತಪ್ಪಲ್ಲ ಅಂತ ಒಂದು ಮಾತು ಹೇಳಬೇಕು ಅಂದುಕೊಂಡೆ. ಹೇಳದೇ ಬಂದೆ.